ಸಾಬೂನಿಗೆ ಬಂದ ಕೆಂಪು

ನಿನ್ನೆ ಮಧ್ಯಾಹ್ನ ಊಟ ಮಾಡುವಾಗ ಬಂಗುಡೆ ಮೀನಿನ ಗಸಿ ನನ್ನ ಬಿಳಿ ಅಂಗಿಯ ಮೇಲೆ ಬಿತ್ತು. ಬಿದ್ದದ್ದು ಒಂದೇ ಹನಿ, ಆದರೆ ಸರಿಯಾಗಿ ಎದೆಯ ನಡುವೆ ಬಿತ್ತು. ಅರುವತ್ತು ದಾಟಿದ ಮೇಲೆ ಬಟ್ಟಲಿನಿಂದ ಬಾಯಿಗೆ ಇರುವ ದಾರಿ ಉದ್ದವಾಗುತ್ತದೆ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಕಲೆ ಮಾಡಿಕೊಂಡವರೇ ತೊಳೆಯಬೇಕು ಎಂಬ ಕಾನೂನು ನಮ್ಮ ಮನೆಯಲ್ಲಿ ನಾನು ನಿವೃತ್ತನಾದ ಮರುದಿನವೇ ಜಾರಿಗೆ ಬಂದಿದೆ. ಹಾಗಾಗಿ ಇವತ್ತು ಬೆಳಿಗ್ಗೆ ಅಂಗಿಯನ್ನು ಬಕೆಟ್ಟಿನ ಮೇಲೆ ಹಿಡಿದು ಸಾಬೂನು ತಿಕ್ಕಿದೆ. ನೋಡುತ್ತಿದ್ದಂತೆಯೇ ಹಳದಿ ಕಲೆ ಕೆಂಪಾಯಿತು.

ನೀವೂ ಇದನ್ನು ನೋಡಿರುತ್ತೀರಿ. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ನೀರಿನಲ್ಲಿ ಜಾಲಾಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಆಮ್ಲ, ಪ್ರತ್ಯಾಮ್ಲಗಳ ಪಾಠ ಬಂದಾಗ ಅರಿಶಿನ ಬಳಿದ ಕಾಗದದ ತುಂಡುಗಳನ್ನು ಮಕ್ಕಳಿಗೆ ಹಂಚಿ, ಅದರ ಮೇಲೆ ಸಾಬೂನು ನೀರು ಹಾಕಿಸಿ, ‘ಅರಿಶಿನವು ಒಂದು ನೈಸರ್ಗಿಕ ಸೂಚಕ’ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಅಂಥ ನನಗೆ, ಜೀವನದಲ್ಲಿ ಒಂದೇ ಒಂದು ಸಲ ಆ ಪಾಠ ಉಪಯೋಗಕ್ಕೆ ಬರಬೇಕಾಗಿದ್ದ ದಿನ, ಅದು ನೆನಪಾಗಲಿಲ್ಲ. ನೆನಪಾದದ್ದು ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಅಕ್ಕನಿಗೆ. ಬಕೆಟ್ಟಿನ ಎದುರು ಕುಕ್ಕರಗಾಲಿನಲ್ಲಿ ಕೂತು ನಾನೊಬ್ಬನೇ ನಗುತ್ತಿರುವುದನ್ನು ಕೇಳಿ ಹೆಂಡತಿ ಬಾಗಿಲಿಗೆ ಬಂದು ಇಣುಕಿ ಹೋದಳು.

ಅಕ್ಕನ ಹೆಸರು ಗಿರಿಜ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಮನೆ ಬೋಳೂರಿನಲ್ಲಿ. ನಮ್ಮದು ಕಡಲಿಗೆ ಇಳಿಯುವವರ ಕುಟುಂಬ. ಅಜ್ಜ, ಅಪ್ಪ ದೋಣಿಯವರು, ಭಾವ ಬೋಟಿನವರು. ಗಂಡಸರು ತಂದದ್ದನ್ನು ಮಾರುವ ಕೆಲಸ ಹೆಂಗಸರದ್ದು, ಆದ್ದರಿಂದ ಜಗತ್ತಿನ ಜೊತೆ ಮಾತಾಡುವ ಕೆಲಸವೂ ಅವರದ್ದೇ. ಅಕ್ಕ ಹದಿನಾಲ್ಕನೆಯ ವಯಸ್ಸಿಗೆ ಬುಟ್ಟಿ ಹೊತ್ತಳು. ತಲೆಯ ಮೇಲೆ ಬಟ್ಟೆ ಸುತ್ತಿ ಮಾಡಿದ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿಯಿಂದ ಕಿವಿಯ ಹಿಂದೆ ಇಳಿಯುವ ನೀರು. ಬೋಟುಗಳು ಬಂದು ನಿಲ್ಲುವ ದಕ್ಕೆಯಿಂದ ಹೊರಟರೆ ಮನೆಮನೆ ಸುತ್ತಿ ಮಧ್ಯಾಹ್ನಕ್ಕೆ ಮನೆ ಸೇರುವುದು. ನಾನು ಬಿ.ಎಸ್ಸಿ. ಓದಿದ್ದು, ಬಿ.ಎಡ್. ಮಾಡಿದ್ದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ತರಗತಿಗೆ ಹೋದದ್ದು ಎಲ್ಲವೂ ಆ ಬುಟ್ಟಿಯಿಂದ. ಇದನ್ನು ಬಳಸಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ನಲವತ್ತೇಳನೆಯ ವಯಸ್ಸಿಗೆ ಅವಳ ಕತ್ತು ಮುಷ್ಕರ ಹೂಡಿತು. ಅತ್ತಾವರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ತಲೆಯ ಮೇಲೆ ಒಂದು ಕೊಡ ನೀರೂ ಬೇಡ ಎಂದರು. ಇನ್ನು ಇವಳು ಮನೆಯಲ್ಲಿ ಕೂರುತ್ತಾಳೆ ಎಂದು ನಾವೆಲ್ಲ ತಿಳಿದೆವು. ಅಕ್ಕ ಎರಡು ತಿಂಗಳು ಕೂತಳು. ಮೂರನೆಯ ತಿಂಗಳು ಹಳೆಯದೊಂದು ಪಿಕಪ್ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದಳು. ಡ್ರೈವಿಂಗ್ ಕಲಿಯುವ ದಿನಗಳಲ್ಲಿ ಒಂದು ಭಾನುವಾರ ನಾನು ಪಕ್ಕದ ಸೀಟಿನಲ್ಲಿ ಕೂತು, ಕ್ಲಚ್ಚಿನೊಳಗೆ ಘರ್ಷಣೆ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಿದ್ದೆ. ಗಾಡಿ ನಾಲ್ಕನೆಯ ಸಲ ಆಫ್ ಆದಾಗ ಅವಳು ಬಹಳ ಶಾಂತವಾಗಿ ನನಗೆ ಕೆಳಗಿಳಿಯಲು ಹೇಳಿದಳು. ಇಳಿದೆ. ಐದನೆಯ ಸಲ ಗಾಡಿ ಸರಿಯಾಗಿ ಹೊರಟಿತು.

ಲೈಸೆನ್ಸ್ ಬಂದ ದಿನ ಅವಳು ತನ್ನ ಹಳೆಯ ಸಿಂಬೆಯನ್ನು ತಂದು ಡ್ರೈವರ್ ಸೀಟಿನ ಹಿಂದಿನ ಕೊಕ್ಕೆಗೆ ತೂಗುಹಾಕಿದಳು. ದೃಷ್ಟಿಯಾಗದಿರಲಿಕ್ಕೆ ಎಂದು ಕೇಳಿದವರಿಗೆ ಹೇಳುತ್ತಿದ್ದಳು. ನನಗೆ ಹೇಳಿದ್ದು ಬೇರೆ, ಅದು ಅಲ್ಲಿ ತೂಗುತ್ತಿರುವಷ್ಟು ದಿನ ತನ್ನ ತಲೆಯ ಮೇಲೆ ಇರುವುದಿಲ್ಲವಲ್ಲ ಎಂದು.

ಈಗ ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಅದು ಅಷ್ಟೇನೂ ಚಂದದ ವಿಷಯವಲ್ಲ. ನಾನು ಫ್ಲ್ಯಾಟ್ ತೆಗೆದುಕೊಂಡದ್ದು ಮಣ್ಣಗುಡ್ಡದಲ್ಲಿ, ಅಕ್ಕ ಮೀನು ಮಾರುವ ಬೀದಿಯಲ್ಲಿಯೇ. ಬೆಳಿಗ್ಗೆ ಅವಳ ಹಾರ್ನ್ ಕೇಳಿದರೆ ನಮ್ಮ ಕಟ್ಟಡದ ಅರ್ಧ ಜನ ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೆ. ಎಲ್ಲರೂ ಅವಳನ್ನು ಕರೆಯುವುದು ‘ಅಕ್ಕ’ ಎಂದೇ. ನಮ್ಮ ಊರಿನಲ್ಲಿ ಮೀನು ಮಾರುವ ಹೆಂಗಸು ಎಂಬತ್ತು ವರ್ಷದವರಿಗೂ ಅಕ್ಕ, ಎಂಟು ವರ್ಷದವರಿಗೂ ಅಕ್ಕ. ಹಾಗಾಗಿ ನಾನು ಗೇಟಿಗೆ ಹೋಗಿ ‘ಅಕ್ಕ, ಇವತ್ತು ಎಂತ ಉಂಟು’ ಎಂದು ಕೇಳಿದರೆ ನನ್ನ ಅಕ್ಕ ಅವರೆಲ್ಲರ ಅಕ್ಕಂದಿರ ನಡುವೆ ಕಳೆದುಹೋಗುತ್ತಿದ್ದಳು. ನಾನು ಸುಳ್ಳು ಹೇಳಲಿಲ್ಲ. ಇವರು ನಿಮಗೆ ಏನಾಗಬೇಕು ಎಂದು ಯಾರೂ ಕೇಳಲೂ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದು ಎಂದು ಪರೀಕ್ಷೆಯ ನಿಯಮವೇ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇದು ಕೆಲವು ವರ್ಷ ನಡೆಯಿತು. ಎಷ್ಟು ವರ್ಷ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗಾಡಿಗೆ ಕಾಯಿಲೆ ಬಂದದ್ದು ಒಂಬತ್ತು ವರ್ಷದ ಹಿಂದೆ, ಸೆಕೆಗಾಲದಲ್ಲಿ. ಅಕ್ಕ ದಕ್ಕೆಯಲ್ಲಿ ಮೀನು ತುಂಬಿಸಿ, ಅತ್ತಾವರ ಮುಗಿಸಿ, ಬಾವುಟಗುಡ್ಡೆಯ ಏರು ಹತ್ತಿ ಮಣ್ಣಗುಡ್ಡಕ್ಕೆ ಬರುವುದು ರೂಢಿ. ಆ ಏರಿನಲ್ಲಿ ಹೀಟ್ ತೋರಿಸುವ ಮುಳ್ಳು ಮೇಲಕ್ಕೆ ಹೋಗತೊಡಗಿತು. ಬೋನೆಟ್ ತೆಗೆದು ನೋಡಿದರೆ ರೇಡಿಯೇಟರಿನಲ್ಲಿ ನೀರಿಲ್ಲ. ಮೊದಮೊದಲು ದಿನಕ್ಕೆ ಒಂದು ಬಾಟಲಿ ಸಾಕಾಗುತ್ತಿತ್ತು, ಆಮೇಲೆ ಒಂದು ಕ್ಯಾನು, ಆಮೇಲೆ ಏರಿಗೊಂದು ಕ್ಯಾನು. ಕೂಲಂಟ್ ಹಾಕುವುದನ್ನು ಬಿಟ್ಟು ಬರೀ ನೀರು ತುಂಬಿಸುವುದಾಯಿತು.

ನೀರು ಹೋಗುವುದಾದರೂ ಎಲ್ಲಿಗೆ? ಬೇರೆ ಗಾಡಿಯಾಗಿದ್ದರೆ ನಿಲ್ಲಿಸಿದ ಜಾಗವನ್ನು ಬಗ್ಗಿ ನೋಡಿದರೆ ಗೊತ್ತಾಗುತ್ತಿತ್ತು. ಮೀನಿನ ಗಾಡಿಯಲ್ಲಿ ಆ ಭಾಗ್ಯವಿಲ್ಲ. ಐಸು ಕರಗಿದ ನೀರು ಹಿಂದಿನಿಂದ, ಮುಂದಿನಿಂದ, ಚಕ್ರದ ಬದಿಯಿಂದ ಹಗಲಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ. ನಗರದ ಒಂದು ಗ್ಯಾರೇಜಿನವರು ಗಾಡಿಯನ್ನು ಅರ್ಧ ದಿನ ನಿಲ್ಲಿಸಿಕೊಂಡು, ಇದು ಲೀಕ್ ಅಲ್ಲ, ಎಂಜಿನ್ನೇ ನೀರು ಕುಡಿಯುತ್ತಿದೆ ಎಂದು ತೀರ್ಪು ಕೊಟ್ಟರು. ಹೆಡ್ ಬಿಚ್ಚಬೇಕು, ಗ್ಯಾಸ್ಕೆಟ್ ಹೋಗಿರಬೇಕು, ಮೂರು ವಾರ ಹಿಡಿಯುತ್ತದೆ, ಬಿಚ್ಚಿದ ಮೇಲೆ ಒಳಗೆ ಇನ್ನೇನಿದೆಯೋ ಹೇಳಲಾಗದು. ಹನ್ನೆರಡು ವರ್ಷ ಹಳೆಯ ಗಾಡಿಗೆ ಇಷ್ಟೆಲ್ಲ ಬೇಕೇ ಎಂದು ಭಾವ ಕೇಳಿದರು. ಭಾವ ಕೆಟ್ಟವರಲ್ಲ, ಲೆಕ್ಕಾಚಾರದ ಮನುಷ್ಯ. ಅವರು ಗುಜರಿಯವನಿಗೆ ಬುಧವಾರ ಬಂದು ನೋಡಲು ಹೇಳಿದರು. ಹೊಸ ಗಾಡಿಯ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಸ್ಥಿತಿಯಲ್ಲೂ ಯಾರೂ ಇರಲಿಲ್ಲ.

ಆ ಶನಿವಾರ ಸಂಜೆ ನಾನು ಬೋಳೂರಿಗೆ ಹೋಗಿದ್ದೆ. ಅಂಗಳದ ತಂತಿಯ ಮೇಲೆ ಬಟ್ಟೆಗಳ ನಡುವೆ ಸಿಂಬೆ ಒಣಗುತ್ತಿತ್ತು. ಗಾಡಿಯ ಕೊಕ್ಕೆಯಿಂದ ತೆಗೆದು, ತೊಳೆದು, ಬಿಸಿಲಿಗೆ ಹಾಕಿದ್ದಾಳೆ. ಅಕ್ಕ ಚಹಾ ಕೊಟ್ಟಳು, ನನ್ನ ಮಗನ ಪರೀಕ್ಷೆ ಹೇಗಾಯಿತು ಎಂದು ಕೇಳಿದಳು. ನಾನು ಚಹಾ ಕುಡಿಯುತ್ತಾ ಅವಳ ಕತ್ತನ್ನೇ ನೋಡುತ್ತಿದ್ದೆ. ಈ ಕತ್ತಿನ ಮೇಲೆ ಮತ್ತೆ ಬುಟ್ಟಿಯೇ ಎಂಬ ಯೋಚನೆಯಲ್ಲಿ ಅರ್ಧ ಚಹಾ ಲೋಟದಲ್ಲೇ ಬಿಟ್ಟು ಎದ್ದೆ.

ಅದಕ್ಕೆ ಎರಡು ದಿನ ಮೊದಲು ಅರಿಶಿನದ ಪ್ರಕರಣ ನಡೆದಿತ್ತು. ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ಸಣ್ಣ ತೂತುಗಳು ಮುಚ್ಚುತ್ತವೆ ಎಂಬುದು ಡ್ರೈವರುಗಳ ಹಳೆಯ ಮದ್ದು. ದಕ್ಕೆಯಲ್ಲಿ ಯಾರೋ ಹೇಳಿದರೆಂದು ಅಕ್ಕ ನನ್ನನ್ನು ಕೇಳಿದಳು. ನಾನು ವಿಜ್ಞಾನದ ಪರವಾಗಿ ಸ್ವಲ್ಪ ಯೋಚಿಸಿ, ಅರಿಶಿನದ ಕಣಗಳು ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ತೂತಿನ ಬಾಯಿಯಲ್ಲಿ ಸೇರಿಕೊಂಡು ಮುಚ್ಚುವ ಸಾಧ್ಯತೆ ಇದೆ ಎಂದು ಒಪ್ಪಿಗೆ ಕೊಟ್ಟೆ. ಎರಡು ಚಮಚ ಸಾಕು ಎಂದೂ ಹೇಳಿದೆ. ಅಕ್ಕ ಇಡೀ ಪ್ಯಾಕೆಟು ಸುರಿದಳು. ಮೀನಿಗೆ ಮಸಾಲೆ ಹಚ್ಚುವ ಕೈ, ಕಡಿಮೆ ಹಾಕಿ ಗೊತ್ತಿಲ್ಲ. ನೀರು ಹೋಗುವುದು ನಿಲ್ಲಲಿಲ್ಲ, ಹಳದಿಯಾಗಿ ಹೋಗತೊಡಗಿತು ಅಷ್ಟೆ, ಆದರೆ ಅದು ಎಲ್ಲಿ ಹೋಗುತ್ತಿದೆಯೆಂದು ಆಗಲೂ ಕಾಣಲಿಲ್ಲ.

ಕಾಟಿಪಳ್ಳದ ಹಸನಿಚ್ಚನ ಹೆಸರು ಹೇಳಿದ್ದು ಐಸಿನ ಅಂಗಡಿಯವರು. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹಿರಿಯರ ಹೆಸರಿಗೆ ‘ಇಚ್ಚ’ ಸೇರಿಸುವುದು ಗೌರವ, ನಾವು ಅಣ್ಣ ಎಂದ ಹಾಗೆ. ಇಪ್ಪತ್ತು ವರ್ಷ ಗಲ್ಫಿನಲ್ಲಿ ಮರಳುಗಾಡಿನ ಬಿಸಿಲಿಗೆ ಕುದಿಯುವ ಗಾಡಿಗಳನ್ನು ರಿಪೇರಿ ಮಾಡಿ ಬಂದವರು, ನೀರಿನ ತೊಂದರೆ ಅವರಿಗೆ ಗೊತ್ತಾಗದಿದ್ದರೆ ಇನ್ನಾರಿಗೂ ಗೊತ್ತಾಗದು ಎಂದಿದ್ದರಂತೆ. ಸೋಮವಾರ ಮೀನು ತಿನ್ನದವರು ಬಹಳ, ವ್ಯಾಪಾರ ಕಡಿಮೆ. ಆದ್ದರಿಂದ ಸೋಮವಾರವೇ ಹೋಗುವುದೆಂದಾಯಿತು. ನಾನು ಶಾಲೆಗೆ ರಜಾ ಚೀಟಿ ಬರೆದೆ, ಕಾರಣ ‘ಮನೆಯ ತುರ್ತು ಕೆಲಸ’. ಕಾಟಿಪಳ್ಳ ತಲುಪುವುದರೊಳಗೆ ನಾಲ್ಕು ಸಲ ನಿಲ್ಲಿಸಿ, ಎಂಜಿನ್ ತಣಿಯುವ ತನಕ ಕಾದು, ನೀರು ಹಾಕಿದೆವು. ಹಾಕುವವನು ನಾನು. ಪ್ರತಿ ಸಲವೂ ನನ್ನ ಪ್ಯಾಂಟಿನ ಮೇಲೆ ಒಂದಿಷ್ಟು ಬೀಳುತ್ತಿತ್ತು.

ಹಸನಿಚ್ಚ ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಒಂದು ಮಾತಾಡುವ ಮೊದಲು ಎರಡು ಸಲ ಕೈ ಒರೆಸಿಕೊಳ್ಳುವ ಅಭ್ಯಾಸ. ಅವರ ಮೊದಲ ಪ್ರಶ್ನೆ ನನಗೆ ಈಗಲೂ ನೆನಪಿದೆ.

“ಗಾಡಿ ನೀರು ಕುಡಿತದಾ, ಚೆಲ್ತದಾ? ಅದು ಮೊದಲು ಗೊತ್ತಾಗ್ಬೇಕು.”

ಕುಡಿಯುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದನ್ನು ನಾನು ಹೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎಂಜಿನ್ ತಣಿಯಲಿಕ್ಕೆ ಬಿಟ್ಟು, ರೇಡಿಯೇಟರಿನ ಮುಚ್ಚಳ ತಿರುಗಿಸಿ ಒಳಗೆ ನೋಡಿದರು, ನೋಡಿ ಹಿಂದೆ ಸರಿದರು. ಒಳಗೆ ದಪ್ಪ ಹಳದಿ ನೀರು. ಇದರಲ್ಲಿ ಮೀನು ಹಾಕುವುದು ಮಾತ್ರ ಬಾಕಿಯಾ ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಿದಳು. ಹಸನಿಚ್ಚನೂ ನನ್ನ ಕಡೆ ನೋಡಿದರು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ವಾಚು, ಮೀನಿನ ಗಾಡಿಗೂ ನನಗೂ ಸಂಬಂಧ ಕಾಣಲಿಲ್ಲವೆನ್ನಿಸುತ್ತದೆ. ಇವರು ಯಾರು ಎಂದು ಅಕ್ಕನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, “ನಮ್ಮ ಗಿರಾಕಿ. ಮಣ್ಣಗುಡ್ಡದ ಮಾಸ್ಟ್ರು.”

ಹೇಳುವಾಗ ಅವಳ ಮುಖದಲ್ಲಿ ಕೋಪ ಇರಲಿಲ್ಲ, ಕುಹಕವೂ ಇರಲಿಲ್ಲ. ನನಗೆ ಅನುಕೂಲ ಮಾಡಿಕೊಟ್ಟವಳ ಹಾಗೆ ಹೇಳಿದಳು. ಇಷ್ಟು ವರ್ಷ ಗೇಟಿನ ಬಳಿ ನಾನು ‘ಅಕ್ಕ’ ಎನ್ನುವಾಗ ಅದು ಯಾವ ಅಕ್ಕ ಎಂದು ಅವಳಿಗೆ ಗೊತ್ತಿತ್ತು ಎಂಬುದು ನನಗೆ ಆ ಗ್ಯಾರೇಜಿನಲ್ಲಿ ತಿಳಿಯಿತು. ನಾನು ಆಗಲೂ ತಿದ್ದಲಿಲ್ಲ. ಟೈರುಗಳ ರಾಶಿಯ ಕಡೆ ನೋಡುತ್ತಾ ನಿಂತೆ.

ಹಸನಿಚ್ಚ ಕೆಲಸ ಶುರುಮಾಡಿದರು. ಆಯಿಲ್ ನೋಡುವ ಕಡ್ಡಿ ಎಳೆದು ಬೆಳಕಿಗೆ ಹಿಡಿದರು. ಎಂಜಿನ್ ನೀರು ಕುಡಿಯುತ್ತಿದ್ದರೆ ಆಯಿಲು ಹಾಲು ಹಾಕಿದ ಚಹಾದ ಬಣ್ಣಕ್ಕೆ ಬರುತ್ತದಂತೆ. ಇದು ಕಪ್ಪಗೇ ಇತ್ತು. ಮುಚ್ಚಳ ತೆಗೆದಿಟ್ಟೇ ಗಾಡಿ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಬಹಳ ಹೊತ್ತು ನೋಡಿದರು. ಗುಳ್ಳೆ ಏಳಲಿಲ್ಲ. ಹೊಗೆಯಲ್ಲೂ ಬಿಳಿ ಆವಿ ಇರಲಿಲ್ಲ. ಇದು ಕುಡಿಯುವ ಗಾಡಿ ಅಲ್ಲ, ಚೆಲ್ಲುವ ಗಾಡಿ ಎಂದರು. ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಅಷ್ಟು ಹೊತ್ತು ಅವಳು ನಿಂತೇ ಇದ್ದಳು ಎಂದು ನನಗೆ ಆಗ ಗಮನಕ್ಕೆ ಬಂತು.

ಆದರೆ ಎಲ್ಲಿ ಚೆಲ್ಲುತ್ತದೆ? ಪೈಪುಗಳನ್ನು ಒಂದೊಂದಾಗಿ ಹಿಚುಕಿ, ಕ್ಲಿಪ್ಪುಗಳ ಕೆಳಗೆ ಬೆರಳಾಡಿಸಿ ನೋಡಿದರು. ಪೈಪು ಸರಿ ಇತ್ತು, ರೇಡಿಯೇಟರೂ ಸರಿ ಇತ್ತು. ಎಂಜಿನ್ನಿನ ಮುಂಭಾಗದಲ್ಲಿ ಮಾತ್ರ ಧೂಳು, ಆಯಿಲು, ಉಪ್ಪುನೀರು ಎಲ್ಲ ಸೇರಿ ಹನ್ನೆರಡು ವರ್ಷದ ಪದರ ಕಟ್ಟಿತ್ತು. ಇಷ್ಟು ಕೊಳೆಯಲ್ಲಿ ಏನೂ ಕಾಣುವುದಿಲ್ಲ, ತೊಳೆದು ಒಣಗಿಸಿ ಮತ್ತೆ ಓಡಿಸಿ ನೋಡಬೇಕು ಎಂದರು. ಅಷ್ಟರಲ್ಲಿ ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿಸಿತು. ಎಂಜಿನ್ ಪೂರ್ತಿ ತಣಿದ ಮೇಲೆ ತೊಳೆಯಿರಿ ಎಂದು ಒಂದು ಬ್ರಶ್ಶು, ಒಂದು ಬಾಲ್ದಿ, ಬಟ್ಟೆ ಸಾಬೂನಿನ ಪುಡಿ ನನ್ನ ಕೈಗೆ ಕೊಟ್ಟು ಅವರು ನಮಾಜಿಗೆ ಹೋದರು.

ಹೀಗೆ ನಾನು ಮೀನಿನ ಗಾಡಿಯ ಎಂಜಿನ್ ತೊಳೆಯುವವನಾದೆ. ಅಂಗಿಯ ತೋಳು ಮಡಚಿ, ಸಾಬೂನು ನೀರು ಎರಚಿ, ಬೋರ್ಡು ಒರೆಸುವ ಉತ್ಸಾಹದಿಂದ ತಿಕ್ಕತೊಡಗಿದೆ. ಕೊಳೆ ಕರಗಿ ಇಳಿಯುತ್ತಾ ಬಂತು. ಫ್ಯಾನಿನ ಹಿಂದೆ, ಎಂಜಿನ್ನಿನ ಎದುರು ಭಾಗದಲ್ಲಿ ಒಂದು ಕೆಂಪು ಗೆರೆ ಕಾಣಿಸಿತು. ಬೆರಳಿನಷ್ಟು ಅಗಲ, ಮೇಲಿನಿಂದ ಕೆಳಕ್ಕೆ. ಮೀನಿನ ಗಾಡಿಯಲ್ಲಿ ಕೆಂಪು ಕಂಡರೆ ಯಾರು ತಾನೇ ಯೋಚಿಸುತ್ತಾರೆ? ಮೀನಿನ ರಕ್ತ ಇಲ್ಲಿಗೂ ಬಂದಿದೆಯಲ್ಲ ಎಂದು ಹೇಳಿ ಅದರ ಮೇಲೆ ಬ್ರಶ್ಶು ಇಟ್ಟೆ.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. ನಾವು ನಮ್ಮನಮ್ಮೊಳಗೆ ಆಡುವುದು ತುಳು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಿಲ್ಲು ಮಾರಾಯ. ಮೀನಿನ ರಕ್ತ ಸಾಬೂನಿಗೆ ಹೋಗ್ತದೆ. ಇದು ಸಾಬೂನಿಗೆ ಬಂದದ್ದು.”

ನನಗೆ ಅರ್ಥವಾಗಲಿಲ್ಲ. ನಿಜ ಹೇಳುತ್ತೇನೆ, ಇಪ್ಪತ್ತು ವರ್ಷ ಅದೇ ಪಾಠ ಮಾಡಿದ ಮನುಷ್ಯನಿಗೆ ಅರ್ಥವಾಗಲಿಲ್ಲ. ಅಕ್ಕ ಬೊಗಸೆಯಲ್ಲಿ ಬರೀ ನೀರು ತೆಗೆದು ಆ ಗೆರೆಯ ಮೇಲೆ ಹಾಕಿದಳು. ಕೆಂಪು ಇಳಿದು ಹಳದಿಯಾಯಿತು. ಬಾಲ್ದಿಯ ಸಾಬೂನು ನೀರು ಹಾಕಿದಳು. ಹಳದಿ ಕೆಂಪಾಯಿತು. ಮತ್ತೊಮ್ಮೆ ನೀರು, ಮತ್ತೊಮ್ಮೆ ಸಾಬೂನು. ಮೀನಿನ ರಕ್ತ ಒಣಗಿದರೆ ಕಪ್ಪಗಾಗುತ್ತದೆ, ಹೀಗೆ ಬಣ್ಣ ಬದಲಿಸುತ್ತಾ ಕೂರುವುದಿಲ್ಲ ಎಂದು ಅವಳಿಗೆ ನಲವತ್ತು ವರ್ಷದಿಂದ ಗೊತ್ತು. ಸೀರೆಯ ಸೆರಗು, ಗಂಡನ ಅಂಗಿ, ಮಕ್ಕಳ ಯೂನಿಫಾರ್ಮು ಎಲ್ಲದರ ಮೇಲೆ ಗಸಿಯ ಕಲೆ ಸಾಬೂನಿಗೆ ಕೆಂಪಾಗುವುದನ್ನೂ ಅವಳು ಅಷ್ಟೇ ವರ್ಷ ನೋಡಿದ್ದಾಳೆ. ನಾವು ರೇಡಿಯೇಟರಿಗೆ ಹಾಕಿದ ಅರಿಶಿನ ತಾನು ಹೊರಬಂದ ದಾರಿಯನ್ನು ಎಂಜಿನ್ನಿನ ಮೇಲೆ ಬರೆದಿಟ್ಟಿತ್ತು, ಸಾಬೂನು ಅದನ್ನು ಓದಿಸಿತು.

ಅವಳು ಕೆಂಪು ಗೆರೆಯನ್ನು ಬೆರಳಿನಿಂದ ಮೇಲಕ್ಕೆ ಹಿಂಬಾಲಿಸಿದಳು. ಗೆರೆ ಹೋಗಿ ನಿಂತದ್ದು ಫ್ಯಾನಿನ ಹಿಂದಿರುವ ಪಂಪಿನ ಕೆಳಗೆ, ಕಡ್ಡಿ ತೂರುವಷ್ಟು ಸಣ್ಣ ತೂತಿನ ಬಾಯಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, “ಇದು ನೀನು ಮಕ್ಕಳಿಗೆ ಹೇಳಿಕೊಡುವುದಲ್ವಾ? ನನ್ನೆದುರು ಪ್ರಾಕ್ಟೀಸ್ ಮಾಡಿದ್ದಿ.”

ಮಾಡಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತರಗತಿಯಲ್ಲಿ ತಡವರಿಸಬಾರದೆಂದು, ರಾತ್ರಿಯ ಅಡುಗೆಗೆ ಕೂತಿದ್ದ ಅಕ್ಕನೆದುರು ಅರಿಶಿನದ ಕಾಗದ ಹಿಡಿದು ಪಾಠ ಒಪ್ಪಿಸಿದ್ದೆ. ಕೇಳಿ ಮುಗಿಸಿ ಅವಳು, ಇದು ನಿನ್ನ ಅಂಗಿ ಒಗೆಯುವ ನನಗೆ ಗೊತ್ತಿಲ್ಲದ್ದಾ ಎಂದಿದ್ದಳು. ನಾನು ನಕ್ಕು ಮರೆತಿದ್ದೆ, ಅವಳು ನೆನಪಿಟ್ಟುಕೊಂಡಿದ್ದಳು.

ಹಸನಿಚ್ಚ ನಮಾಜು ಮುಗಿಸಿ ಬಂದಾಗ ಅಕ್ಕ ಸಾಬೂನು ನೀರು ಎರಚಿ ತೋರಿಸಿದಳು. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಎರಡು ಸಲ ಕೈ ಒರೆಸಿಕೊಂಡರು. ಹೌದು, ವಾಟರ್ ಪಂಪಿನ ಸೀಲು ಹೋಗಿದೆ ಎಂದರು. ಆ ತೂತು ಇರುವುದೇ ಅದಕ್ಕಂತೆ, ಸೀಲು ಹಾಳಾದರೆ ನೀರು ಅದರಿಂದ ಹೊರಗೆ ಬಂದು ಸುದ್ದಿ ಹೇಳಬೇಕು. ಆದರೆ ಅದು ಬರುವುದು ಎಂಜಿನ್ ಓಡುವಾಗ, ಬಿಸಿಯಾದಾಗ ಮಾತ್ರ. ಫ್ಯಾನಿನ ಗಾಳಿಗೆ ಅಲ್ಲೇ ಹಾರಿಹೋಗುತ್ತದೆ, ನೆಲಕ್ಕೆ ಬಿದ್ದ ಒಂದೆರಡು ಹನಿ ಐಸಿನ ನೀರಿನಲ್ಲಿ ಸೇರಿಹೋಗುತ್ತದೆ. ಗ್ಯಾರೇಜಿನವರಿಗೆ ಕಾಣದಿದ್ದದ್ದು ಅದಕ್ಕೇ.

“ಗಲ್ಫಲ್ಲಿ ಇದನ್ನು ಹುಡುಕ್ಲಿಕ್ಕೆ ನೀರಿಗೆ ಬಣ್ಣ ಹಾಕಿ ನೀಲಿ ಲೈಟ್ ಹಿಡಿತಿದ್ದೆವು,” ಎಂದರು ಹಸನಿಚ್ಚ. “ನೀವು ಅರಿಶಿನ ಹಾಕಿ ಸಾಬೂನು ಹಿಡಿದಿರಿ. ಎರಡೂ ಒಂದೇ.”

ಉಳಿದದ್ದು ಸುಲಭದ ಕೆಲಸ, ಅಂದರೆ ಹಸನಿಚ್ಚನಿಗೆ ಸುಲಭ. ಸುರತ್ಕಲ್ಲಿನಿಂದ ಹೊಸ ಪಂಪು ತರಿಸಿದರು. ಬೆಲ್ಟು ಸಡಿಲಿಸಿ, ಫ್ಯಾನ್ ಬಿಚ್ಚಿ, ಹಳೆಯ ಪಂಪು ಇಳಿಸಿದರು. ಅದನ್ನು ಕೈಯಲ್ಲಿ ಅಲ್ಲಾಡಿಸಿದಾಗ ಒಳಗಿನ ದಂಡ ಹಾಲುಹಲ್ಲಿನ ಹಾಗೆ ಅಲುಗುತ್ತಿತ್ತು. ಹೊಸ ಪ್ಯಾಕಿಂಗ್ ಇಟ್ಟು ಹೊಸ ಪಂಪು ಕೂರಿಸಿದರು. ಅರಿಶಿನ ಹೋಗಲಿಕ್ಕೆ ರೇಡಿಯೇಟರನ್ನು ನಾಲ್ಕು ಸಲ ತೊಳೆಯಬೇಕಾಯಿತು. ಮೂರನೆಯ ಸಲವೂ ಹಳದಿ ಬಂದಾಗ, ಮಾಸ್ಟ್ರೇ ಇನ್ನು ಮೇಲೆ ಮದ್ದು ಹೇಳುವಾಗ ಸ್ವಲ್ಪ ಕೈ ಬಿಗಿ ಮಾಡಿ ಎಂದರು. ಪ್ಯಾಕೆಟು ಸುರಿದವಳು ಬೇರೆ ಕಡೆ ನೋಡುತ್ತಿದ್ದಳು. ಕೊನೆಗೆ ಹಸಿರು ಬಣ್ಣದ ಕೂಲಂಟ್ ತುಂಬಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಒಂದು ಗಂಟೆ ಓಡಲು ಬಿಟ್ಟರು. ಕೆಳಗೆ ಹಳೆಯ ಪತ್ರಿಕೆ ಹಾಸಿದ್ದೆವು. ನಾವು ಮೂವರೂ ಆ ಪತ್ರಿಕೆಯನ್ನು ಓದಿದಷ್ಟು ಗಮನವಿಟ್ಟು ನಾನು ಬೇರೆ ಯಾವ ಪತ್ರಿಕೆಯನ್ನೂ ಓದಿಲ್ಲ. ಒಂದು ಹನಿಯೂ ಬೀಳಲಿಲ್ಲ.

ಹೊರಡುವಾಗ ಅಕ್ಕ ಹಸನಿಚ್ಚನಿಗೆ ಕೈ ಮುಗಿದಳು. ಅವರು ತಲೆ ಅಲ್ಲಾಡಿಸಿ, ನಾನು ನಟ್ಟು ಬಿಚ್ಚಿದವ ಮಾತ್ರ, ಹುಡುಕಿದ್ದು ನೀವು ಎಂದರು. ನನ್ನ ಕಡೆ ತಿರುಗಿ, ನಿಮ್ಮ ಮೀನಿನ ಅಕ್ಕ ದೊಡ್ಡ ಮೆಕ್ಯಾನಿಕ್ ಎಂದು ನಕ್ಕರು.

ನನಗೆ ಎದೆ ತುಂಬಿ ಬಂದಿತ್ತು. ಹೆಮ್ಮೆ ಎಂದರೆ ಇದೇ ಇರಬೇಕು. ನಾನು ಡಿಗ್ರಿ ಪಡೆದಾಗಲೂ, ಬಹುಮಾನ ಬಂದಾಗಲೂ ಹೀಗೆ ಆಗಿರಲಿಲ್ಲ. “ಇವಳು ನನ್ನ ಅಕ್ಕ,” ಎಂದೆ.

“ಅಕ್ಕ ಎಲ್ಲರಿಗೂ ಅಕ್ಕನೇ ಅಲ್ವಾ,” ಎಂದರು ಹಸನಿಚ್ಚ.

ಇಷ್ಟು ವರ್ಷ ನಾನು ಅಡಗಿ ಕೂತಿದ್ದ ಮಾತು ಈಗ ನನ್ನನ್ನೇ ಹೊರಗೆ ಬಿಡಲಿಲ್ಲ ನೋಡಿ. “ಅಲ್ಲ ಹಸನಿಚ್ಚ,” ಎಂದೆ. “ನಾನು ಗಿರಾಕಿ ಅಲ್ಲ. ನಾವು ಒಂದೇ ತಾಯಿಯ ಮಕ್ಕಳು. ನನ್ನನ್ನು ಓದಿಸಿದ್ದೇ ಇವಳು.”

ಹಸನಿಚ್ಚ ನಮ್ಮಿಬ್ಬರ ಮುಖವನ್ನು ಒಂದರ ನಂತರ ಒಂದು ನೋಡಿ, ಮೂಗು ಒಂದೇ ಉಂಟು ಎಂದರು. ಬೋನೆಟ್ ಆಗಲೇ ಮುಚ್ಚಿತ್ತು, ಅಕ್ಕ ಅದನ್ನು ಇನ್ನೊಂದು ಸಲ ಒತ್ತಿ ಮುಚ್ಚಿದಳು. ಮಾಸ್ಟ್ರಿಗೆ ಮಧ್ಯಾಹ್ನ ಊಟ ಆಗಲಿಲ್ಲ, ಹಸಿವಿಗೆ ಎಂತೆಂತದೋ ಮಾತಾಡ್ತಾನೆ ಎಂದು ಹೇಳಿ ಗಾಡಿ ಹತ್ತಿದಳು.

ಕೂಳೂರು ಸೇತುವೆ ದಾಟಿದೆವು. ಬೋಳೂರಿಗೆ ತಿರುಗುವ ಬದಲು ನೇರ ಹೋದಳು. ದಾರಿ ತಪ್ಪಿತು ಎಂದು ಹೇಳಬೇಕೆಂದಿದ್ದೆ, ಹಿಂದೆ ಕೆಳಗಿಳಿಸಿದ್ದು ನೆನಪಾಗಿ ಸುಮ್ಮನಿದ್ದೆ. ಗಾಡಿ ಬಾವುಟಗುಡ್ಡೆಯ ಏರು ಹತ್ತಿತು. ಎರಡನೇ ಗೇರಿನಲ್ಲಿ, ಎದುರು ಬಸ್ಸು, ಪಕ್ಕ ಆಟೋ, ಸಂಜೆಯ ಜನಸಂದಣಿ. ಅಕ್ಕ ರಸ್ತೆ ನೋಡುತ್ತಿದ್ದಳು, ನಾನು ಮುಳ್ಳನ್ನು ನೋಡುತ್ತಿದ್ದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಏರಿನ ತುದಿ ಮುಟ್ಟಿದರೂ ಅಲ್ಲೇ ಇತ್ತು. ನೋಡಿದೆಯಾ ಎಂದು ಅಕ್ಕ ಒಂದೇ ಮಾತು ಕೇಳಿದಳು. ನೋಡಿದೆ ಎಂದೆ.

ಬುಧವಾರ ಗುಜರಿಯವನು ಬಂದಾಗ ಗಾಡಿ ಮನೆಯಲ್ಲಿರಲಿಲ್ಲ, ಮೀನು ಹಾಕಿಕೊಂಡು ಅತ್ತಾವರಕ್ಕೆ ಹೋಗಿತ್ತು. ಭಾವ ಅವನಿಗೆ ಚಹಾ ಕೊಟ್ಟು ಕಳಿಸಿದರಂತೆ. ಗುರುವಾರ ನಾನು ಗೇಟಿಗೆ ಹೋದಾಗ ಸಿಂಬೆ ಸೀಟಿನ ಹಿಂದಿನ ಕೊಕ್ಕೆಯಲ್ಲಿ ತೂಗುತ್ತಿತ್ತು. ಅಂದು ಗೇಟಿನ ಬಳಿ ಇದ್ದ ಏಳೆಂಟು ಜನರಿಗೂ ಇವಳು ನನ್ನ ಒಡಹುಟ್ಟಿದ ಅಕ್ಕ ಎಂದು ಹೇಳಿದೆ. ಯಾರಿಗೂ ದೊಡ್ಡ ಆಶ್ಚರ್ಯವಾಗಲಿಲ್ಲ. ಒಬ್ಬರು, ಹಾಗಾದರೆ ನಿಮಗೆ ಒಳ್ಳೆಯ ಮೀನು ತೆಗೆದಿಡುತ್ತಾಳಾ ಎಂದು ಮಾತ್ರ ಕೇಳಿದರು. ನಾನು ವರ್ಷಗಟ್ಟಲೆ ಹೆದರಿದ್ದು ಈ ಪ್ರಶ್ನೆಗೆ.

ಆ ವರ್ಷದಿಂದ ನಿವೃತ್ತಿಯ ತನಕ ನಾನು ಸೂಚಕದ ಪಾಠವನ್ನು ಬೇರೆ ಥರ ಮಾಡಿದೆ. ಕಾಗದದ ತುಂಡು ಹಂಚುವ ಮೊದಲು ಒಂದು ಪಿಕಪ್ ಗಾಡಿಯ ಚಿತ್ರ ಬೋರ್ಡಿನಲ್ಲಿ ಬರೆಯುತ್ತಿದ್ದೆ. ನನ್ನ ಚಿತ್ರ ನೋಡಿ ಮಕ್ಕಳು ಅದು ಹಡಗೋ ಮನೆಯೋ ಎಂದು ಚರ್ಚಿಸುತ್ತಿದ್ದರು. ಕೆಂಪು ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಇದನ್ನು ಕಂಡುಹಿಡಿದವರು ಗಿರಿಜ, ಬೋಳೂರು ಎಂದು ಕೆಳಗೆ ಬರೆಯುತ್ತಿದ್ದೆ. ಕೆಲವರು ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು, ಒಬ್ಬಳು ಪರೀಕ್ಷೆಯಲ್ಲೂ ಬರೆದಳು. ನಾನು ಪೂರ್ತಿ ಅಂಕ ಕೊಟ್ಟೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಬಕೆಟ್ಟಿನ ನೀರು ತಣ್ಣಗಾಗಿತ್ತು. ಕೆಳಗಿನಿಂದ ಹಾರ್ನ್ ಕೇಳಿಸಿತು. ಅದೇ ಗಾಡಿ, ಅದೇ ಹಾರ್ನ್, ಸ್ವಲ್ಪ ಗಂಟಲು ಕಟ್ಟಿದೆ ಅಷ್ಟೆ. ಅರುವತ್ತನಾಲ್ಕು ವರ್ಷದ ಅಕ್ಕ ಈಗಲೂ ಬಾವುಟಗುಡ್ಡೆಯನ್ನು ಎರಡನೇ ಗೇರಿನಲ್ಲಿ ಹತ್ತುತ್ತಾಳೆ. ಅಂಗಿ ಹಿಂಡಬೇಕು ಎನ್ನುವುದು ಮರೆತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದೆ. ಮೆಟ್ಟಿಲ ಬುಡದಲ್ಲಿ ಕಳೆದ ತಿಂಗಳು ಬಾಡಿಗೆಗೆ ಬಂದ ನರ್ಸ್ ಹುಡುಗಿ ಸಿಕ್ಕಿದಳು. ಅತ್ತಾವರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದಳು. “ಸರ್, ನಿಮ್ಮ ಮೀನಿನ ಅಕ್ಕ ಬಂದಿದ್ದಾರೆ,” ಎಂದಳು.

“ನನ್ನ ಸ್ವಂತ ಅಕ್ಕ ಅವಳು,” ಎಂದೆ. “ನಾನು ಮೀನಿನ ಅಕ್ಕನ ತಮ್ಮ.”

ಆ ಹುಡುಗಿ ನನ್ನ ಕೈಯಿಂದ ಸಾಬೂನು ನೀರು ತೊಟ್ಟಿಕ್ಕುವುದನ್ನು ನೋಡಿ, ಬದಿಗೆ ಸರಿದು ಮೆಟ್ಟಿಲು ಹತ್ತಿದಳು. ಅಕ್ಕ ಗಾಡಿಯ ಬಳಿ ನಿಂತು ಮಾತು ಕೇಳಿಸಿಕೊಂಡಿದ್ದಳು. ನನ್ನ ಕೈಯಲ್ಲಿದ್ದ ಅಂಗಿಯನ್ನು ತೆಗೆದುಕೊಂಡು ಬಿಡಿಸಿದಳು, ಎದೆಯ ನಡುವಿನ ಕೆಂಪು ಕಲೆಯನ್ನು ನೋಡಿದಳು, ಹಸನಿಚ್ಚನ ಹಾಗೆ ಎರಡು ಸಲ ಕೈ ಒರೆಸಿಕೊಂಡಳು.

“ಮಾಸ್ಟ್ರೇ,” ಎಂದಳು, “ಲೀಕ್ ಇಲ್ಲೇ ಉಂಟಲ್ಲ.”